ಐವತ್ತು ಮನೆ, ಏಳು ಗೋಡೆ

ನೂರಕ್ಕೆ ಅರವತ್ತೆರಡು ಎಂಬ ಸಂಖ್ಯೆ ಹೊರಬಿದ್ದದ್ದು ಗುಂಜೋಟಿಯ ಕಲ್ಯಾಣಪ್ಪನವರ ಪಡಸಾಲೆಯಲ್ಲಿ, ಒಂದು ಮಂಗಳವಾರ ಮಧ್ಯಾಹ್ನ. ಉಂಡ ತಾಟುಗಳನ್ನು ಇನ್ನೂ ಯಾರೂ ಎತ್ತಿರಲಿಲ್ಲ. ಕಲ್ಯಾಣಪ್ಪನವರ ಮಗ ನೀಲೇಶ ಉದಗೀರಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ನಾಲ್ಕುನೂರು ಹಾಳೆಗಳನ್ನು ನೆಲದ ಮೇಲೆ ಹರವಿಕೊಂಡು, ಮೂರು ಗುಂಪು ಮಾಡಿ, ಪ್ರತಿ ಗುಂಪನ್ನೂ ಮೂರು ಮೂರು ಸಲ ಎಣಿಸಿ, ಕಡೆಗೆ ಪೆನ್ನಿಗೆ ಟೊಪ್ಪಿಗೆ ಹಾಕಿ ಹೇಳಿದ.

“ಇನ್ನೂರಾ ನಾಲ್ವತ್ತೆಂಟು ಮನಿ ಅಪ್ಪಾಜಿ ಅಂದಾವ. ತೊಂಬತ್ತೊಂದು ವಿಶ್ವನಾಥಪ್ಪ. ಉಳದದ್ದು ಇನ್ನೂ ಪಕ್ಕಾ ಇಲ್ಲ ಅಂತಾವ. ನೂರಕ್ಕ ಅರವತ್ತೆರಡು. ಇಷ್ಟು ಸಾಫ್ ಲೆಕ್ಕಾ ನಾ ಪುಸ್ತಕದಾಗೂ ನೋಡಿಲ್ಲ.”

ಪಡಸಾಲೆಯಲ್ಲಿ ಕೂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಯೆಣೆಗೂರಿನ ಕಾಶೆಪ್ಪ, ಹದಿನೈದು ದಿನದಿಂದ ತನ್ನ ಜೀಪನ್ನು ಈ ಮನೆಯ ಕೆಲಸಕ್ಕೇ ಬಿಟ್ಟವನು, “ಹಂಗಾದ್ರ ನಾ ಗಾಡಿಗಿ ಹೊಸ ಟಾಯರ್ ಹಾಕಸ್ತೀನ್ರಿ ಕಾಕಾ. ಸದಸ್ಯರ ಗಾಡಿ ಅಂದ ಮ್ಯಾಲ ಹಾದ್ಯಾಗ ನಿಂದ್ರಬಾರದು,” ಎಂದ.

ಅದು ಜಿಲ್ಹಾ ಪರಿಷತ್ತಿನ ಚುನಾವಣೆ. ಭೂಕಂಪವಾಗಿ ಮೂರು ವರ್ಷ ದಾಟಿತ್ತು. ಕಲ್ಯಾಣಪ್ಪನವರು ಗುಂಜೋಟಿಯವರಾದರೂ ಅರ್ಜಿ ಹಾಕಿದ್ದು ಸಾಸ್ತೂರ ಕಡೆಯ ಹನ್ನೊಂದು ಹಳ್ಳಿಗಳ ಜಾಗಕ್ಕೆ, ಯಾವ ಪಕ್ಷದ್ದೂ ಅಲ್ಲದ ಉಮೇದವಾರರಾಗಿ. ಕಾರಣ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೆಲ ನಡುಗಿದ ಮುಂಜಾನೆ, ಏನಾಯಿತು ಎಲ್ಲಾಯಿತು ಎಂದು ಮಂದಿ ಇನ್ನೂ ಕೇಳುತ್ತಿರುವಾಗಲೇ, ಈ ಮನುಷ್ಯ ಟ್ರ್ಯಾಕ್ಟರು ತೆಗೆದುಕೊಂಡು ಸಾಸ್ತೂರಿಗೆ ಹೋದವರು ಹನ್ನೆರಡನೆಯ ದಿನ ಮನೆಗೆ ಬಂದಿದ್ದರು. ಕಲ್ಲುಮಣ್ಣಿನ ಗೋಡೆಗಳ ಕೆಳಗಿನಿಂದ ಎಷ್ಟು ಜನರನ್ನು ಎತ್ತಿದರೋ ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹೆಣಗಳನ್ನೆಲ್ಲ ಒಟ್ಟಿಗೆ ಇಟ್ಟು ಸುಡುತ್ತಿದ್ದ ದಿನಗಳು ಅವು. ಲಿಂಗವಂತರ ಮನೆಯವರು ನಮ್ಮವರನ್ನು ಸುಡಬೇಡಿರಿ ಎಂದು ಅತ್ತಾಗ, ಊರ ಹೊರಗೆ ತಗ್ಗು ತೋಡಿಸಿ, ವಿಭೂತಿ ಹಚ್ಚಿಸಿ, ಒಬ್ಬೊಬ್ಬರನ್ನೇ ಕೂಡಿಸಿ ಮಣ್ಣು ಕೊಡಿಸಿದವರು ಕಲ್ಯಾಣಪ್ಪನವರು. ಆ ಕಡೆಯ ಹಳ್ಳಿಗಳಲ್ಲಿ ಅವರು ಹಾದುಹೋದರೆ ಇವತ್ತಿಗೂ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಾರೆ.

“ನಿಲ್ಲು ಅಂತ ಮಂದಿ ಅಂತಾರ,” ಎಂದು ಅವರೇ ಮಗನಿಗೆ ಹೇಳಿದ್ದರು. “ಅರ್ಜ ಹಾಕೀನಿ. ಆದ್ರ ಖರೆ ಲೋಕದ ಮನಸ್ಸು ಏನದ ನೋಡಿ ಹೇಳು. ನಿನ್ನ ಇದ್ಯಾ ಅದ ಅಲ್ಲೇನು?”

ನೀಲೇಶ ವಿದ್ಯೆಯ ಪ್ರಕಾರವೇ ನೋಡಿದ್ದ. ಉದಗೀರಿನಿಂದ ಆರು ಮಂದಿ ಕಾಲೇಜು ಹುಡುಗಿಯರನ್ನು ಕರೆತಂದು, ಹನ್ನೊಂದೂ ಹಳ್ಳಿಯಲ್ಲಿ ಹತ್ತನೆಯ ಬಾಗಿಲು ಹತ್ತನೆಯ ಬಾಗಿಲು ಎಂದು ಹಿಡಿದು, ತಮಗೆ ಬೇಕಾದ ಮನೆ ಆರಿಸಿಕೊಳ್ಳಬಾರದೆಂದು ತಾಕೀತು ಮಾಡಿ ಕೇಳಿಸಿದ್ದ. ಹುಡುಗಿಯರಿಗೆ ಮನೆಗಳ ಒಳಗೆ ದಾರಿ ಮಾಡಿಕೊಟ್ಟವಳು ಗಿರಿಜಾಬಾಯಿ. ಈಗ ಪಡಸಾಲೆಯ ಬಾಗಿಲಿಗೆ ಒರಗಿ ಕೂತಿದ್ದಳು. ನಗದೆ ಇದ್ದವಳು ಅವಳೊಬ್ಬಳೇ.

ಗಿರಿಜಾಬಾಯಿ ಕಲ್ಯಾಣಪ್ಪನವರ ಚಿಕ್ಕಪ್ಪನ ಮಗಳು. ನಿಲಂಗಾದಲ್ಲಿ ಹುಟ್ಟಿ ಉಮರಗಾದ ಬಟ್ಟೆ ವ್ಯಾಪಾರದ ಮನೆಗೆ ಸೊಸೆಯಾಗಿ ಹೋದವಳು. ಗಂಡ ತೀರಿಕೊಂಡ ಮೇಲೆ ಅಂಗಡಿ ಮೈದುನರ ಕೈಗೆ ಹೋಯಿತು. ಇವಳು ಸೀರೆಯ ಗಂಟು, ಕುಪ್ಪಸದ ಬಟ್ಟೆಯ ನಾಲ್ಕು ತಾನು, ಒಂದು ಕತ್ತರಿ ತೆಗೆದುಕೊಂಡು ಬಸ್ಸು ಹತ್ತಿದಳು. ಇಪ್ಪತ್ತು ವರ್ಷವಾಯಿತು. ಈ ಹಳ್ಳಿಗಳಲ್ಲಿ ಅವಳು ಹೋಗದ ಅಡಿಗೆಮನೆ ಇಲ್ಲ.

“ಯಾಕ ಅತ್ಯಾ, ಮಾರಿ ಹಿಂಗ?” ಎಂದ ನೀಲೇಶ. “ಎಣಸೋದ್ರಾಗ ತಪ್ಪದ ಅಂತೀ?”

“ನಿನ್ನ ಎಣಕಿ ಬರಾಬರ್ ಅದ. ಅವರು ಅಂದದ್ದೇ ಬರದೀರಿ, ನಾ ಮುಂದೇ ಕೂತಿದ್ದೆ.”

“ಮತ್ತ?”

“ಅವರು ಅಂದ ರೀತಿ ಹಾಳ್ಯಾಗ ಬಂದಿಲ್ಲ.”

ಕಾಶೆಪ್ಪ ಕಿಸಕ್ಕನೆ ನಕ್ಕ. “ರೀತಿ ಬರಿಲಿಕ್ಕ ಬ್ಯಾರೆ ಪೆನ್ನು ಬೇಕಾಗ್ತದ ಬಾಯಿ.”

ಗಿರಿಜಾಬಾಯಿ ಅವನ ಕಡೆ ನೋಡದೆ ಅಣ್ಣನಿಗೇ ಹೇಳಿದಳು. ಅವಳಿಗೆ ಗೊತ್ತಿದ್ದದ್ದು ಬಟ್ಟೆಯ ಮಾತು, ಅದರಲ್ಲೇ ಹೇಳಿದಳು. ಸೀರೆ ಬಿಚ್ಚಿದ ಕೂಡಲೇ “ಭಾಳ ಚೆಂದ ಅದ ಬಾಯಿ” ಎಂದವಳು ಕೊಳ್ಳುವವಳಲ್ಲ. ಅವಳು ಚಹಾ ಕೊಡುತ್ತಾಳೆ, ಮಕ್ಕಳ ಸುದ್ದಿ ಕೇಳುತ್ತಾಳೆ, ಬಾಗಿಲವರೆಗೆ ಬಂದು ಕಳಿಸುತ್ತಾಳೆ. ಕೊಳ್ಳುವವಳು ಬೇರೆ. ಅವಳು ಸೆರಗು ತಿರುವಿ ನೋಡುತ್ತಾಳೆ, ದಡಿಯನ್ನು ಉಗುರಿನಿಂದ ಕೆರೆಯುತ್ತಾಳೆ, ಇದೇನು ಬಣ್ಣ, ಹೋದ ಸಲ ಕೊಟ್ಟದ್ದು ಎರಡು ಒಗೆತಕ್ಕೆ ಹಿಂಜಿತು, ನೀನು ಮಾರುವುದೇ ಇಂಥದ್ದು ಎನ್ನುತ್ತಾಳೆ. ಕೊಳ್ಳುವವಳೇ ಹುಳುಕು ತೆಗೆದು ಹೆಸರಿಡುವವಳು. ಕೊಳ್ಳದವಳಿಗೆ ಹೆಸರಿಡುವ ಗರಜೇ ಇಲ್ಲ.

“ನಾ ಎಂಬತ್ತು ಮನ್ಯಾಗ ಕೂತು ಕೇಳೀನಿ ಅಣ್ಣಾ. ನಿನ್ನ ಹೆಸರು ತಗದ ಕೂಡ್ಲೇ ‘ದೇವರಂಥಾ ಮನುಷ್ಯಾ’ ಅಂತಾರ. ಅಲ್ಲಿಗಿ ಮುಗೀತು. ಮುಂದ ಒಂದು ಮಾತಿಲ್ಲ. ಅದೇ ವಿಶ್ವನಾಥಪ್ಪನ ಹೆಸರು ತಗದ್ರ ಅರ್ಧಾ ತಾಸು ಬೈತಾರ. ನಳ ಬರಲಿಲ್ಲ, ಸಾಲಿಗಿ ತಗಡಿನ ಪತ್ರಾ ಹಾಕಸಲಿಲ್ಲ, ಹೋದಾಗ ಮನ್ಯಾಗ ಸಿಗಂಗಿಲ್ಲ.”

“ಬೈದ್ರ ನಮಗ ಛಲೋನೇ ಅಲ್ಲೇನು?” ಎಂದ ನೀಲೇಶ.

“ಗೊತ್ತಿಲ್ಲಪಾ. ನಮ್ಮ ಧಂದ್ಯಾದಾಗ ಅಲ್ಲ.”

ಈಗ ಎಲ್ಲರೂ ನಕ್ಕರು. ಕಲ್ಯಾಣಪ್ಪನವರು ನಗಲಿಲ್ಲ. ವಿಶ್ವನಾಥಪ್ಪ ಎಂದರೆ ಸದ್ಯದ ಸದಸ್ಯ. ಐದು ವರ್ಷ ಆ ಜಾಗದಲ್ಲಿದ್ದವನು, ಮತ್ತೆ ನಿಂತವನು. ಮಂದಿ ಎದ್ದು ಹೋದ ಮೇಲೆ ತಂಗಿಯನ್ನು ಕೂಡಿಸಿಕೊಂಡು ಮೆಲ್ಲಗೆ ಹೇಳಿದರು.

“ಸೋಲಲಿಕ್ಕ ನಾ ಅಂಜಂಗಿಲ್ಲ ಗಿರಿಜಾ. ಸೋತ ಮ್ಯಾಲ ನಾ ಸಾಸ್ತೂರಿಗಿ ಹೋಗಬೇಕಲ್ಲಾ. ಪ್ರತಿ ಬಾಗಲದಾಗ ನಿಂತು, ಇವರು ಹಾಕ್ಯಾರೋ ಇಲ್ಲೋ ಅಂತ ಮಾರಿ ನೋಡ್ತೀನಿ. ಅವರೂ ನನ್ನ ಮಾರಿ ನೋಡ್ತಾರ. ಮಣ್ಣು ಕೊಟ್ಟಲ್ಲಿ ಹೋಗಿ ಆ ಹಿಸಾಬ ಹಚ್ಚೋದು ಬ್ಯಾಡ ಅನಸ್ತದ. ಅದಕ್ಕೇ ಮೊದಲೇ ಖರೆ ತಿಳಿಬೇಕು. ಶುಕ್ರವಾರ ಮೂರರ ತನಕ ಅರ್ಜ ವಾಪಸ ತಗೋಳಿಕ್ಕ ಬರ್ತದ. ನಿನ್ನ ಧಂದ್ಯಾದಾಗ, ಖರೆ ತಗೋತಾಳೋ ಇಲ್ಲೋ ಅಂತ ಹ್ಯಾಂಗ ತಿಳಕೋತೀ?”

“ಕತ್ತರಿ ತಗದು, ಹಚ್ಚಲೇನು ಅಂತ ಕೇಳ್ತೀನಿ.”

ಬಟ್ಟೆಯ ತಾನಿಗೆ ಕತ್ತರಿ ತಾಗುವವರೆಗೆ ಎಲ್ಲರೂ ಹೂಂ ಎನ್ನುತ್ತಾರೆ. ಅಂಚಿಗೆ ಕತ್ತರಿ ಇಟ್ಟು ಮುಖ ನೋಡಿದರೆ, “ತಡಿ ಬಾಯಿ, ಅತ್ತಿಗಿ ಕೇಳಿ ಬರ್ತೀನಿ” ಎಂದು ಎದ್ದವಳು ಬೇಡವೆನ್ನುವವಳು. “ಒಂದು ಬಟ್ಟು ಹೆಚ್ಚಿಗಿ ಕತ್ತರಸು, ಕಡಿಮಿ ಬಿದ್ರ ನಿನಗೇ ಹೊಲಸ್ತೀನಿ” ಎಂದವಳು ಬೇಕೆನ್ನುವವಳು.

“ಮತದಾನಕ್ಕ ಕತ್ತರಿ ಎಲ್ಲಿಂದ ತರ್ಲಿ?” ಎಂದರು ಕಲ್ಯಾಣಪ್ಪನವರು.

ಗಿರಿಜಾಬಾಯಿ ಪಡಸಾಲೆಯ ಗೋಡೆಯನ್ನು ಅಂಗೈಯಿಂದ ಬಡಿದಳು. “ಗ್ವಾಡಿ ಕೇಳಮು,” ಎಂದಳು. “ಕಲ್ಯಾಣಪ್ಪನ ಹೆಸರು ನಿಮ್ಮ ಮನಿ ಗ್ವಾಡಿಗಿ ಬರಸ್ಲೇನು ಅಂತ.”

ಗೋಡೆ ಎಂದರೆ ಆ ಹಳ್ಳಿಗಳಲ್ಲಿ ಸಣ್ಣ ಮಾತಲ್ಲ. ಭೂಕಂಪದ ನಂತರ ಕಟ್ಟಿಸಿಕೊಟ್ಟ ಸಿಮೆಂಟಿನ ಮನೆಗಳು. ಎಲ್ಲವೂ ಒಂದೇ ಅಳತೆ, ಒಂದೇ ಬಾಗಿಲು, ಮೂಲೆಯಲ್ಲಿ ಮನೆಯ ನಂಬರು. ಹಳೆಯ ಗೋಡೆಗಳು ಮೈಮೇಲೆ ಬಿದ್ದ ಜನ ಹೊಸ ಗೋಡೆಯನ್ನು ದಿನಕ್ಕೆರಡು ಸಲ ಕೈಯಿಂದ ಸವರಿ ನೋಡುತ್ತಿದ್ದರು. ಅದರ ಮೇಲೆ ಒಂದು ಹೆಸರು ಬರೆಸಿದರೆ ಇಡೀ ಓಣಿಗೆ ಕಾಣುತ್ತದೆ, ವಿಶ್ವನಾಥಪ್ಪನಿಗೂ ಕಾಣುತ್ತದೆ.

ನೀಲೇಶನಿಗೆ ಇದು ಹಿಡಿಸಲಿಲ್ಲ. ಆದರೆ ಅವನು ಕಲಿತವನು; ಮಾಡುವುದಾದರೆ ಸರಿಯಾಗಿ ಮಾಡಬೇಕು ಎಂದ. ಅಪ್ಪಾಜಿ ಎಂದ ಇನ್ನೂರನಲವತ್ತೆಂಟು ಹಾಳೆಗಳಿಂದ ಐದಕ್ಕೊಂದರಂತೆ ಎಳೆದು ಐವತ್ತು ಮನೆಗಳ ಯಾದಿ ಬರೆದುಕೊಟ್ಟ. “ಇವೇ ಮನಿ. ನಿನ್ನ ಗಿರಾಕಿ ಮನಿ ಅಂತ ಬದಲಿ ಮಾಡಬ್ಯಾಡ. ಎಲ್ಲರಿಗೂ ಒಂದೇ ಮಾತು ಕೇಳು.”

“ನಾ ಎಂದು ಎರಡು ಮಾತು ಆಡೀನಿ?”

“ನಿನ್ನ ಸೀರಿ ರೇಟು ಕೇಳಿದ್ರ ಎರಡು ಮಾತು ಬರ್ತಾವ ಅತ್ಯಾ.”

“ಅದು ಧಂದಾ,” ಎಂದು ಯಾದಿಯನ್ನು ಮಡಚಿ ಸೊಂಟದ ಚೀಲದಲ್ಲಿಟ್ಟುಕೊಂಡಳು.

ಬುಧವಾರ ಮತ್ತು ಗುರುವಾರ, ಎರಡು ದಿನ ಕಾಶೆಪ್ಪನ ಜೀಪಿನಲ್ಲಿ ತಿರುಗಿದಳು. ಗಂಟು ಒಯ್ಯಲಿಲ್ಲ, ಒಯ್ದರೆ ಮಾತು ಸೀರೆಯ ಕಡೆ ಹೋಗುತ್ತದೆ. ಕೇಳುವುದು ಒಂದೇ ಮಾತು. ಅದಕ್ಕೆ ಬಂದ ಉತ್ತರಗಳು ಮಾತ್ರ ಒಂದೇ ಆಗಿರಲಿಲ್ಲ.

ಮೊದಲನೆಯ ಮನೆಯವಳು ತನ್ನ ಮಾಲಕರು, ಎಂದರೆ ಗಂಡ, ಲಾತೂರಿಗೆ ಹೋಗಿದ್ದಾರೆ, ಬಂದ ಮೇಲೆ ಕೇಳಿ ಹೇಳುತ್ತೇನೆ ಎಂದಳು. ಮಾಲಕರು ಹಿತ್ತಲಲ್ಲಿ ಕಣಿಕಿ ಕತ್ತರಿಸುವ ಸಪ್ಪಳ ಕೇಳುತ್ತಿತ್ತು. ಮೂರನೆಯ ಮನೆಯವನು ಈ ಗೋಡೆ ಇನ್ನೂ ಸರಕಾರದ್ದು, ನಮ್ಮ ಹೆಸರಿಗೆ ಕಾಗದವಾಗಿಲ್ಲ ಎಂದ. ಇನ್ನೊಬ್ಬಳು ಮಗಳ ಲಗ್ನವಿದೆ, ಬಣ್ಣ ಹಚ್ಚಿಸುವುದಿದೆ ಎಂದಳು. ಮಗಳು ಅಂಗಳದಲ್ಲಿ ಕುಂಟಲಪಿ ಆಡುತ್ತಿತ್ತು, ಏಳು ವರ್ಷದ್ದು. ಎಲ್ಲಕ್ಕೂ ಚೆಂದದ ಉತ್ತರ ಕೊಟ್ಟವನು ಒಬ್ಬ ಅಂಗಡಿಯವನು: “ಕಾಕಾನ ಹೆಸರು ಗ್ವಾಡಿಗಿ ಯಾಕ್ರಿ ಬಾಯಿ, ನಮ್ಮ ಎದಿ ಮ್ಯಾಲ ಬರದಾದ.” ಜೀಪಿಗೆ ಬಂದ ಮೇಲೆ ಕಾಶೆಪ್ಪ ಕೇಳಿದ, “ಇದು ಹೂಂ ಅಂತ ಬರೀತೀರೋ ಇಲ್ಲಂತ ಬರೀತೀರೋ?”

“ಎದಿ ಓಣಿಗಿ ಕಾಣಂಗಿಲ್ಲ,” ಎಂದು ಗಿರಿಜಾಬಾಯಿ ಇಲ್ಲ ಎಂದು ಗೀಟು ಹಾಕಿದಳು.

ಹೂಂ ಅಂದವರೂ ಇದ್ದರು. ಜಗದೇವಪ್ಪ ಎಂಬ ಎಪ್ಪತ್ತು ದಾಟಿದ ರೈತ, ಸಾಸ್ತೂರಿನವನು, ಕಲ್ಯಾಣಪ್ಪನವರನ್ನು ಆ ಕಡೆಯಲ್ಲಿ ಏಕವಚನದಲ್ಲಿ ಕರೆಯುವವನು ಅವನೊಬ್ಬನೇ ಇರಬೇಕು. ಅವನು ಗೋಡೆಯ ಮುಂದೆ ನಿಂತು ಅರ್ಧ ತಾಸು ತಕರಾರು ತೆಗೆದ. ಅಕ್ಷರ ಖಿಡಕಿಗಿಂತ ಮೇಲೆ ಹೋಗಬಾರದು. ಕೆಂಪು ಬಣ್ಣ ಬೇಡ, ಅದು ಮಳೆಗೆ ಇಳಿದು ಕಟ್ಟೆಯನ್ನೆಲ್ಲ ಹೊಲಸು ಮಾಡುತ್ತದೆ. ಬರೆಯುವವನು ಕುಡಿದವನಾಗಿರಬಾರದು. ಚುನಾವಣೆ ಮುಗಿದ ಎಂಟು ದಿನದೊಳಗೆ ನಿಮ್ಮವರೇ ಬಂದು ಸುಣ್ಣ ಬಳಿಯಬೇಕು. “ಮತ್ತ ಕಲ್ಯಾಣಪ್ಪಗ ಹೇಳು, ಆರಿಸಿ ಬಂದ ಮ್ಯಾಲ ವಿಶ್ವನಾಥಪ್ಪನಂಗ ನನಗ ಉಮರಗಾಕ್ಕ ತಿರಗಸಬ್ಯಾಡ. ನನ್ನ ಮೊಣಕಾಲಿಗಿ ಅಷ್ಟು ಕಸುವಿಲ್ಲ.” ಗಿರಿಜಾಬಾಯಿ ಸಂತೋಷದಿಂದ ಅವನ ಹೆಸರಿನ ಮುಂದೆ ಸೊನ್ನೆ ಸುತ್ತಿದಳು. ಇದು ಬಟ್ಟೆ ಕತ್ತರಿಸಿದ ಗಿರಾಕಿ.

ಅದೇ ಓಣಿಯ ಕುಸುಮಬಾಯಿಯ ಮನೆಯ ಗೋಡೆಯ ಮೇಲೆ ಮಾತ್ರ ಆಗಲೇ ವಿಶ್ವನಾಥಪ್ಪನ ಹೆಸರಿತ್ತು. ಹಾಳೆಯಲ್ಲಿ ಅವಳು ಹೇಳಿದ್ದು ಕಲ್ಯಾಣಪ್ಪ. “ಅಂವಾ ಕೇಳ್ದೇ ಬರಸ್ಯಾನ ಬಾಯಿ, ಹಲಕಟ್,” ಎಂದಳು. “ಮೂರು ಸಲ ನಳ ಹಾಕಸ್ತೀನಿ ಅಂದಾನ. ಈ ಸಲ ಬರ್ಲಿ, ಬಾಗಲದಾಗೇ ನಿಂದ್ರಸಿ ಕೇಳ್ತೀನಿ.”

“ಹಂಗಾದ್ರ ಅಳಸಿ ಕಾಕಾನ ಹೆಸರು ಬರಸಮೇನು?”

ಕುಸುಮಬಾಯಿ ಗೋಡೆಯನ್ನು ನೋಡಿದಳು. ಮೊರದಲ್ಲಿದ್ದ ಜೋಳವನ್ನು ನೋಡಿದಳು. “ಅಳಸಿದ್ರ ಗ್ವಾಡಿ ಕೆಡ್ತದ,” ಎಂದಳು. ಆಮೇಲೆ, ಗಿರಿಜಾಬಾಯಿ ಏಳುವ ಲಕ್ಷಣ ಕಾಣದಾಗ, ಜೋಳ ಕೇರುತ್ತ ಕೇರುತ್ತಲೇ ಹೇಳಿದಳು. “ಖರೆ ಹೇಳ್ಲೇನು? ನಳ ಬರಲಿಲ್ಲಂದ್ರ ವಿಶ್ವನಾಥಪ್ಪನ ಮನಿಗಿ ಹೋಗಿ ಬಾಯಿಗಿ ಬಂದಂಗ ಬೈದು ಬರ್ತೀವಿ. ಹತ್ತು ಸಲ ಬೈದ್ರ ಒಮ್ಮೆ ಏನರ ಮಾಡ್ತಾನ. ಕಲ್ಯಾಣಪ್ಪ ಕಾಕಾಗ ಹ್ಯಾಂಗ ಬೈಲಿ? ನಾಲಿಗಿ ಬರ್ತದೇನು? ಆ ಮನಷ್ಯಾಗ ನಳದ ಸಲುವಾಗಿ ತ್ರಾಸ ಕೊಟ್ರ ನಮಗ ಒಳ್ಳೇದಾಗ್ತದೇನು?”

ಗಿರಿಜಾಬಾಯಿ ಇದನ್ನು ಯಾದಿಯಲ್ಲಿ ಬರೆಯಲಿಲ್ಲ. ಬರೆಯುವ ಜಾಗವೂ ಇರಲಿಲ್ಲ.

ಗುರುವಾರ ಸಂಜೆ ಗುಂಜೋಟಿಗೆ ಬಂದು ಯಾದಿಯನ್ನು ನೀಲೇಶನ ಮುಂದಿಟ್ಟಳು. ನಲವತ್ತೊಂಬತ್ತು ಮನೆ ಕೇಳಿದ್ದಳು. ಏಳು ಗೋಡೆ ಸಿಕ್ಕಿದ್ದವು.

ನೀಲೇಶ ಏಳನ್ನು ನೋಡಿದ, ಸೊನ್ನೆಗಳನ್ನು ಮತ್ತೆ ಎಣಿಸಿದ. ಅವನು ಸಿಟ್ಟಾಗಲಿಲ್ಲ, ಪಾಠ ಹೇಳುವವರ ದನಿಯಲ್ಲಿ ಹೇಳಿದ. “ಅತ್ಯಾ, ಗ್ವಾಡಿ ಅಂದ್ರ ಮತ ಅಲ್ಲ. ಗ್ವಾಡಿ ಎಲ್ಲರಿಗೂ ಕಾಣ್ತದ, ಮತ ಯಾರಿಗೂ ಕಾಣಂಗಿಲ್ಲ. ವಿಶ್ವನಾಥಪ್ಪಗ ಅಂಜಿ ಗ್ವಾಡಿ ಕೊಟ್ಟಿಲ್ಲ, ಪೆಟ್ಟಿಗ್ಯಾಗ ಮಾತ್ರ ಅಪ್ಪಾಜಿಗೇ ಹಾಕ್ತಾರ. ಹಿಂಗೂ ಇರಬಹುದಲ್ಲಾ?”

“ಇರಬಹುದು,” ಎಂದಳು ಗಿರಿಜಾಬಾಯಿ. ಅವಳಿಗೆ ಅದು ಹೊಳೆದಿರಲಿಲ್ಲ. ಮಾತು ಸರಿಯೆನಿಸಿತು.

“ನಾಲ್ಕುನೂರು ಮನಿ ಒಂದು ಕಡೆ, ನಾಲ್ವತ್ತೊಂಬತ್ತು ಒಂದು ಕಡೆ. ಯಾವುದು ನಂಬಬೇಕು?”

“ನನಗ ಗೊತ್ತಿದ್ರ ಅಣ್ಣಗ ಮೊದಲೇ ಹೇಳ್ತಿದ್ದೆ.”

ಕಲ್ಯಾಣಪ್ಪನವರು ಇಬ್ಬರ ಮಾತನ್ನೂ ಕೇಳುತ್ತ ಕೂತಿದ್ದರು. ಯಾದಿಯನ್ನು ಕೈಗೆ ತೆಗೆದುಕೊಂಡರು. “ಐವತ್ತರಾಗ ಒಂದು ಬಿಟ್ಟೀ,” ಎಂದರು. “ಯಾರದು?”

“ಮಾಣಿಕಬಾಯಿದು.”

“ಯಾಕ?”

“ಕೇಳಾಕ ಆಗಲಿಲ್ಲ. ಬಾಗಿಲ ತನಕ ಹೋಗಿ ಬಂದೆ.”

ಮಾಣಿಕಬಾಯಿಯ ಗಂಡನನ್ನೂ ಹದಿನಾಲ್ಕು ವರ್ಷದ ಮಗಳನ್ನೂ ಕಲ್ಯಾಣಪ್ಪನವರು ತಮ್ಮ ಕೈಯಿಂದಲೇ ತಗ್ಗಿನಲ್ಲಿ ಕೂಡಿಸಿದ್ದರು. ಮೂರನೆಯ ದಿನ ಅವಳ ಮಗನನ್ನು ತೊಲೆಯ ಕೆಳಗಿನಿಂದ ಜೀವಂತ ತೆಗೆದವರೂ ಅವರೇ. ಹಾಳೆಯಲ್ಲಿ ಅವಳ ಉತ್ತರದ ಮುಂದೆ ಕಾಲೇಜು ಹುಡುಗಿ ಎರಡು ಸಲ ಗೀಟು ಎಳೆದಿದ್ದಳು, ಅಷ್ಟು ಖಚಿತವಾಗಿ ಹೇಳಿದ್ದಳಂತೆ.

“ಆಕೀಗ ನಾನೇ ಕೇಳ್ತೀನಿ,” ಎಂದರು ಕಲ್ಯಾಣಪ್ಪನವರು. “ಆಕಿ ಕೊಟ್ರ ನೀಲೇಶನ ಹಾಳಿ ಖರೆ ಅಂತ ತಿಳೀತೀನಿ.”

ಶುಕ್ರವಾರ ಬೆಳಿಗ್ಗೆ ಹೊರಟರು. ನೀಲೇಶ ಉಮರಗಾದಲ್ಲಿ ಇಳಿದುಕೊಂಡ, ತಹಸೀಲ ಕಚೇರಿಯಲ್ಲಿ ಚುನಾವಣೆಯ ನಿಶಾನಿ ಹಂಚುವಾಗ ಇರಬೇಕೆಂದು. ತಂದೆಯ ಹೆಸರಿಗೆ ಛತ್ರಿ ಸಿಕ್ಕರೆ ಗೋಡೆಗೆ ಬರೆಸಲು ಸುಲಭ ಎಂದು ಅವನ ಆಸೆ. ಜೀಪು ಸಾಸ್ತೂರು ಮುಟ್ಟಿದಾಗ ಹತ್ತೂವರೆ. ದಾರಿಯುದ್ದ ಕಾಶೆಪ್ಪನೊಬ್ಬನೇ ಮಾತಾಡಿದ.

ಮಾಣಿಕಬಾಯಿ ಅಂಗಳದಲ್ಲಿ ಬೇಳೆ ಒಣಹಾಕುತ್ತಿದ್ದಳು. ಕಾಕಾನನ್ನು ಕಂಡು ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದಳು, ಕಂಬಳಿ ಹಾಸಿದಳು, ನೀರು ತಂದಳು, ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಮಗ ಕೆಲಸಕ್ಕೆ ಹೋಗಿದ್ದ. ಚಹಾ ಕುಡಿದ ಮೇಲೆ ಕಲ್ಯಾಣಪ್ಪನವರು ಕೇಳಿದರು, ಎಲ್ಲರಿಗೂ ಕೇಳಿದ ಅದೇ ಮಾತು.

“ಬರಸ್ರಿ ಕಾಕಾ,” ಎಂದಳು ಮಾಣಿಕಬಾಯಿ.

ಅಷ್ಟೇ. ಎಷ್ಟು ದೊಡ್ಡದು, ಯಾವ ಬಣ್ಣ ಎಂದು ಕೇಳಲಿಲ್ಲ. ಒಳಗೆ ಹೋಗಿ ಕಸಬರಿಗೆ ಮತ್ತು ಬಕೆಟ್ಟಿನಲ್ಲಿ ನೀರು ತಂದು, ಓಣಿಯ ಕಡೆಯ ಗೋಡೆಯ ಧೂಳು ಹೊಡೆಯಲು ಶುರುಮಾಡಿದಳು. ಗೋಡೆಗೆ ಆನಿಸಿಟ್ಟಿದ್ದ ಕಟ್ಟಿಗೆಯನ್ನು ಒಂದೊಂದೇ ಎತ್ತಿ ಆ ಕಡೆ ಒಯ್ದು ಹಾಕಿದಳು. ಗಿರಿಜಾಬಾಯಿ ಕೈಜೋಡಿಸಲು ಎದ್ದಾಗ, “ನೀವು ಕೂಡ್ರಿ ಬಾಯಿ, ನಾ ಮಾಡ್ತೀನಿ,” ಎಂದಳು. ಬಕೆಟ್ಟಿನ ನೀರನ್ನು ಅಳೆದು ಅಳೆದು ಗೋಡೆಗೆ ಚಿಮುಕಿಸುತ್ತಿದ್ದಳು.

ಕಲ್ಯಾಣಪ್ಪನವರು ಅದನ್ನು ನೋಡುತ್ತಿದ್ದರು. “ನಳಕ್ಕ ನೀರು ಬರ್ತದೇನು?”

“ಇಲ್ರೀ. ಹೊಂಡದಿಂದ ತರ್ತೀವಿ.”

“ಯಾರಿಗರ ಹೇಳೀರೇನು?”

“ವಿಶ್ವನಾಥಪ್ಪಗ ಹೇಳೀನಿ. ಜಗಳಾನೂ ಮಾಡೀನಿ. ಹೋದ ವಾರ ಆತನ ಗಾಡಿ ಮುಂದ ಕೊಡ ಇಟ್ಟು ಕೂತಿದ್ವಿ.”

“ನನಗ ಒಂದಿನಾನೂ ಹೇಳಲಿಲ್ಲಲ್ಲಾ ಮಾಣಿಕಾ. ತಿಂಗಳಿಗೊಮ್ಮಿ ಬಂದು ಹೋಗ್ತೀನಿ.”

ಮಾಣಿಕಬಾಯಿ ಕಸಬರಿಗೆ ಕೆಳಗಿಟ್ಟಳು. ಉತ್ತರ ಕೊಡಬೇಕೋ ಬೇಡವೋ ಎಂದು ಗಿರಿಜಾಬಾಯಿಯ ಕಡೆ ನೋಡಿದಳು. ಗಿರಿಜಾಬಾಯಿ ನೆಲ ನೋಡಿದಳು.

“ನಿಮ್ಮ ಮುಂದ ನಿಂತ್ರ ನಳದ ಮಾತು ಬಾಯಿಗಿ ಬರಂಗಿಲ್ರಿ ಕಾಕಾ,” ಎಂದಳು ಮಾಣಿಕಬಾಯಿ. “ನೀವು ಬಂದ್ರ ಆ ಮುಂಜಾನಿ ನಿಮ್ಮ ಸಂಗಾಟ ಮನ್ಯಾಗ ಬರ್ತದ. ತಿಂಗಳಿಗೊಮ್ಮಿ ಬರ್ಲಿ, ಬರಬೇಕು. ನೀವು ಹೋದ ಮ್ಯಾಲ ನಾ ಎರಡು ದಿನ ಸುಮ್ನ ಕೂಡ್ತೀನಿ, ಆಮ್ಯಾಲ ಕೆಲಸಕ್ಕ ಹತ್ತತೀನಿ. ದಿನಾ ನಳಾ, ರಸ್ತಾ, ರೇಷನ್ನು ಅಂತ ನಿಮ್ಮ ಕಡೆ ಬರೋದಂದ್ರ…” ಮುಂದೆ ಹೇಳದೆ ಕಸಬರಿಗೆ ಎತ್ತಿಕೊಂಡಳು. “ಮತ ಹಾಕ್ತೀನ್ರಿ. ನೀವು ಬೇಕಂದ್ರ ಹಾಕ್ದೇ ಇರ್ತೀನೇನು? ಗ್ವಾಡಿನೂ ಬರಸ್ರಿ.”

“ಸಾಕು, ಗ್ವಾಡಿ ತೊಳೀಬ್ಯಾಡ,” ಎಂದರು ಕಲ್ಯಾಣಪ್ಪನವರು. “ನೀರು ದೂರದಿಂದ ತಂದದ್ದು.”

ಅವರೇ ಎದ್ದು ಹೋಗಿ ಕಟ್ಟಿಗೆಯನ್ನು ಮೊದಲಿದ್ದಲ್ಲಿಗೆ ತಂದು ಗೋಡೆಗೆ ಆನಿಸಿದರು. ಮಾಣಿಕಬಾಯಿ ಬಕೆಟ್ಟಿನಲ್ಲಿ ಉಳಿದ ನೀರನ್ನು ಒಳಗೆ ಒಯ್ದಳು.

ಜೀಪು ಊರು ದಾಟಿದ ಮೇಲೆ ಕಲ್ಯಾಣಪ್ಪನವರು ತಂಗಿಗೆ ಸ್ವಲ್ಪ ಸಿಟ್ಟಿನಿಂದಲೇ ಅಂದರು. “ನೀ ಮೊದಲೇ ಹೇಳಬಾರದಾಗಿತ್ತೇನು?”

“ಮಂಗಳವಾರದಿಂದ ಅದೇ ಹೇಳಲಿಕತ್ತೀನಿ ಅಣ್ಣಾ.”

“ಮಂದಿಗಿ ನಾ ಬ್ಯಾಡಾದೆ ಅಂತ ಹೇಳ್ದಿ. ಹಿಂಗ ಅಂತ ಹೇಳಲಿಲ್ಲ.”

“ಹಿಂಗ ಅಂತ ನನಗೂ ಗೊತ್ತಿರಲಿಲ್ಲ,” ಎಂದಳು ಗಿರಿಜಾಬಾಯಿ.

ತಹಸೀಲ ಕಚೇರಿ ಮುಟ್ಟಿದಾಗ ಒಂದೂವರೆ. ಅರ್ಜಿ ವಾಪಸು ತೆಗೆದುಕೊಳ್ಳುವ ಕಾಗದಕ್ಕೆ ಸಹಿ ಮಾಡುವ ಮೊದಲು, ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಅಧಿಕಾರಿ ಮರಾಠಿಯಲ್ಲಿ ಕೇಳಿದರು. ಇಲ್ಲ, ಯಾರೂ ಇಲ್ಲ ಎಂದರು ಕಲ್ಯಾಣಪ್ಪನವರು. ಸಹಿಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ನೀಲೇಶ ನಿಂತಿದ್ದ. ತಂದೆಯನ್ನು ದಾಟಿ ಅತ್ತೆಯ ಹತ್ತಿರ ಬಂದು ಅಂದ. “ಹತ್ತು ದಿನ ಆದ ಮ್ಯಾಲ ಪೆಟ್ಟಿಗಿ ತಗದಿದ್ರ ನಂದು ಖರೆಯೋ ನಿಂದು ಖರೆಯೋ ತಿಳೀತಿತ್ತು. ಈಗ ಎಂದೂ ತಿಳಿಯಂಗಿಲ್ಲ.”

“ಹೌದು, ತಿಳಿಯಂಗಿಲ್ಲ.”

“ಅರವತ್ತೆರಡೇ ಬರ್ತಿದ್ರ?”

“ಬಂದಿದ್ರೂ ಬರ್ತಿತ್ತು,” ಎಂದಳು ಗಿರಿಜಾಬಾಯಿ. “ಮಾಣಿಕಬಾಯಿ ಹಾಕ್ತೀನಿ ಅಂದಾಳ. ಹಾಕ್ತಿದ್ಲು. ಆದ್ರ ನಳದ ಸಲುವಾಗಿ ನಿಮ್ಮಪ್ಪಗ ಎಂದೂ ಬೈತಿರಲಿಲ್ಲ.”

ತಂದೆ ಹಿಂದೆ ಸರಿದದ್ದು ತನ್ನ ಹಾಳೆಗಳು ತಪ್ಪಾಗಿದ್ದವೆಂದಲ್ಲ ಎಂಬುದು ನೀಲೇಶನಿಗೆ ಮೆಲ್ಲಗೆ ಹೊಳೆಯಿತು. “ಅಂದ್ರ ನಾ ಏನು ಕೇಳಬೇಕಾಗಿತ್ತು?” ಎಂದ.

ಅವಳು ಅದಕ್ಕೆ ಉತ್ತರ ಹುಡುಕುತ್ತಿರುವಾಗ ಸೊಂಟದ ಚೀಲದ ಯಾದಿ ಕೈಗೆ ಬಂತು. ಬಿಚ್ಚಿ ನೋಡಿದಳು. “ಅದು ಆಮ್ಯಾಲ ನೋಡಮು,” ಎಂದಳು. “ಈ ಏಳು ಮನ್ಯಾವರಿಗಿ ಯಾರು ಹೋಗಿ ಹೇಳ್ತಾರ? ಪಾಪ, ಇವರು ಖರೆಖರೆ ಗ್ವಾಡಿ ಕೊಟ್ಟವರು.”

ಕಲ್ಯಾಣಪ್ಪನವರು ಯಾದಿಗಾಗಿ ಕೈ ಚಾಚಿದರು. ಕಾಶೆಪ್ಪ ಗೊಣಗುತ್ತ ಜೀಪು ತಿರುಗಿಸಿದ. ಬೆಳಿಗ್ಗೆ ಒಮ್ಮೆ ಹೋಗಿ ಬಂದ ದಾರಿ, ಒಟ್ಟಿಗೇ ಹೇಳಿ ಬರಬಾರದಾಗಿತ್ತೇ ಎಂದು ಅವನ ಮಾತು.

ಜಗದೇವಪ್ಪ ಆಗಲೇ ಗೋಡೆಗೆ ಒಂದು ಕೈ ಸುಣ್ಣ ಬಳಿಸಿ, ಒಣಗಿತೇ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಕಲ್ಯಾಣಪ್ಪನವರು ನಿಂತುಕೊಂಡೇ ವಿಷಯ ಹೇಳಿದರು. ಮುದುಕನ ಕೈ ಗೋಡೆಯ ಮೇಲೆಯೇ ಉಳಿಯಿತು.

“ವಾಪಸ ತಗೊಂಡಿ?”

“ತಗೊಂಡೆ.”

“ಯಾರಿಗಿ ಕೇಳಿ ತಗೊಂಡಿ?” ಎಂದ ಜಗದೇವಪ್ಪ. “ನಾ ಓಣಿ ತುಂಬಾ ಹೇಳೀನಿ. ಆ ಕುಸುಮಿ ಸಂಗಾಟ ಜಗಳಾ ಮಾಡೀನಿ, ವಿಶ್ವನಾಥಪ್ಪನ ಹೆಸರು ಅಳಸು ಅಂತ. ನಿನಗ ಮಂದಿ ಬೇಕಾದಾಗ ನಾವು ಬೇಕು, ಬ್ಯಾಡಾದಾಗ ತಹಸೀಲದಾಗ ಸಹಿ ಮಾಡಿ ಬಂದು ಹೇಳ್ತೀ? ಅರವತ್ತು ವರ್ಷ ಆತು, ಇನ್ನೂ ನಿನಗ ರೀತಿ ತಿಳೀಲಿಲ್ಲ. ನಿಮ್ಮಪ್ಪ ಹಿಂಗ ಇರಲಿಲ್ಲ.”

ದನಿ ಕೇಳಿ ಅಕ್ಕಪಕ್ಕದ ಬಾಗಿಲುಗಳಲ್ಲಿ ಮಂದಿ ಕಾಣಿಸಿಕೊಂಡರು. ಜೀಪಿನಿಂದ ಇಳಿದು ಮುಂದೆ ಬರಹೋದ ಕಾಶೆಪ್ಪನನ್ನು ಗಿರಿಜಾಬಾಯಿ ತೋಳು ಹಿಡಿದು ನಿಲ್ಲಿಸಿದಳು. ಜಗದೇವಪ್ಪನಿಗೆ ಹೇಳುವುದು ಇನ್ನೂ ಬಹಳ ಇತ್ತು. ಕಲ್ಯಾಣಪ್ಪನವರು ಚಪ್ಪಲಿ ಬಿಟ್ಟು ಅವನ ಕಟ್ಟೆಯ ಮೇಲೆ ಕೂತರು.